ಲಾಲ್‌ಬಾಗು ಯಾರಪ್ಪನ ತೋಟ?

(ರಾಜ್ಯೋತ್ಸವದ ಸಂಜೆ ರಾಣೆಬೆನ್ನೂರಿನಲ್ಲಿ ತರುಣರ ಮುಂದೆ ಆಡಿದ ಮಾತಿನ ಬರಹ ರೂಪ)



ನಾನು ಭಾಷಣಕಾರನಲ್ಲ, ಪ್ರೆಸ್ಸಿನವನು. ಹಾವೇರಿಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ ಮುದ್ರಿಸಿ ಹೊಟ್ಟೆ ಹೊರೆಯುವವನು. ಓದಿದ್ದು ಪಿ.ಯು.ಸಿ. ಅದರಲ್ಲೂ ಇಂಗ್ಲಿಷ್ ಪತ್ರಿಕೆಗೆ ಎರಡು ಸಲ ಕೂತವನು. ಮೈಕು ಕೈಗೆ ಕೊಟ್ಟರೆ ಮೊಳೆ ಜೋಡಿಸುವವನ ಹಾಗೆ ಒಂದೊಂದೇ ಅಕ್ಷರ ಹುಡುಕುತ್ತೇನೆ. ಸಹಿಸಿಕೊಳ್ಳಿ.

ಸಭೆಯಲ್ಲಿ ನಾನು ಮೊದಲು ಕೇಳಿದ ಪ್ರಶ್ನೆಯನ್ನೇ ಓದುತ್ತಿರುವ ನಿಮಗೂ ಕೇಳುತ್ತೇನೆ. ಬೆಂಗಳೂರಿನ ಲಾಲ್‌ಬಾಗ್ ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ? ಅಲ್ಲಿ ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆ ಹೋದವು. ಹೋಗಬೇಕಾದದ್ದೇ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಯಾವ ಮನೆಯಲ್ಲಿ ಇವತ್ತು ಬೆಂಗಳೂರಿಗೆ ಒಂದು ಕೂಸು ಹೋಗಿಲ್ಲ ಹೇಳಿ! ಎರಡನೆಯ ಪ್ರಶ್ನೆ: ಅಲ್ಲಿಯ ಐದು ಮರಗಳ ಹೆಸರನ್ನು ಕನ್ನಡದಲ್ಲಿ ಹೇಳಬಲ್ಲವರೆಷ್ಟು? ಮೂರು ಕೈ ಎದ್ದವು. ಅದರಲ್ಲಿ ಒಂದು ಅರ್ಧಕ್ಕೇ ಇಳಿಯಿತು.

ನಗಬೇಡಿ. ಇಪ್ಪತ್ತು ವರ್ಷದವನಿದ್ದಾಗ ನನ್ನ ಕೈ ಏಳುತ್ತಲೇ ಇರಲಿಲ್ಲ.

1998ರಲ್ಲಿ ನನ್ನ ಸೋದರಮಾವ ನನ್ನನ್ನು ಬೆಂಗಳೂರಿನ ಒಂದು ಮುದ್ರಣಾಲಯಕ್ಕೆ ಸೇರಿಸಿದರು. ಆಗ ಆಫ್‌ಸೆಟ್ ಬಂದು ಟ್ರೆಡಲ್ ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿದ್ದ ಕಾಲ. ಮಲಗುವುದು ಕಾಗದದ ರೀಮುಗಳ ಮೇಲೆ. ಭಾನುವಾರ ಪ್ರೆಸ್ಸಿನ ಬಾಗಿಲು ಮುಚ್ಚಿದರೆ ನಾನು ಬೀದಿಪಾಲು. ನೆಂಟರಿಲ್ಲ, ಸಿನಿಮಾಕ್ಕೆ ಕಾಸಿಲ್ಲ. ಬೆಳಿಗ್ಗೆ ನಡೆದಾಡುವವರ ಜೊತೆ ಲಾಲ್‌ಬಾಗಿನೊಳಗೆ ಸೇರಿಕೊಂಡರೆ ಸಂಜೆಯವರೆಗೆ ಅಲ್ಲೇ. ಕೆರೆಯ ಕಡೆ ಒಂದು ದೊಡ್ಡ ಬೂರುಗದ ಮರ ಇದೆ. ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿವೆ. ಅದರ ಹತ್ತಿರ ಕೂತು ಮನೆಗೆ ಕಾಗದ ಬರೆಯುತ್ತಿದ್ದೆ, 'ಆರಾಮ ಅದೀನಿ' ಎಂದು. ಆರಾಮ ಇರಲಿಲ್ಲ. ಆದರೆ ಅಷ್ಟು ದೊಡ್ಡ ಊರಿನಲ್ಲಿ 'ಏನಯ್ಯ, ಇಲ್ಲೇಕೆ ಕೂತೆ?' ಎಂದು ಯಾರೂ ಕೇಳದ ಜಾಗ ಅದೊಂದೇ ಇತ್ತು. ನಂತರ ಅದು ಬೂರುಗ ಎಂದು ತಿಳಿಯಿತು. ಆಗ ನನಗೆ ಅದು ಬರೀ ಮರ.

ಯಾರೂ ಎಬ್ಬಿಸದ ಆ ಜಾಗ ಒಂದು ಕಾಲಕ್ಕೆ ರಾಜನ ಖಾಸಾ ತೋಟ. ನನ್ನಂಥವನು ಬೇಲಿಯ ಹತ್ತಿರ ಸುಳಿದರೂ ಬೆನ್ನಿಗೆ ಬಾರುಕೋಲು ಬೀಳಬಹುದಾದ ಜಾಗ. ಅದು ನನ್ನ ಕೈಗೆ ಹೇಗೆ ಬಂತು? ಅದನ್ನು ಹೇಳಲಿಕ್ಕೇ ನಿಂತಿದ್ದೇನೆ.

1760ರಲ್ಲಿ ಹೈದರಾಲಿ ಈ ತೋಟಕ್ಕೆ ಕೈ ಹಾಕಿದ. ಶಿರಾದಲ್ಲಿ ಮೊಗಲರ ಸುಬೇದಾರರು ಮಾಡಿದ್ದ ತೋಟ ಅವನ ಕಣ್ಣಿನಲ್ಲಿತ್ತು. ಅದರಂಥದ್ದೇ ತನಗೂ ಬೇಕೆನಿಸಿತು. ಮೊದಲಿಗೆ ಸುಮಾರು 40 ಎಕರೆ. ಹೈದರಾಲಿ ನಮ್ಮ ಕಡೆಗೆ ಅಪರಿಚಿತನಲ್ಲ. ನಮ್ಮ ಸವಣೂರಿನ ನವಾಬರ ಮೇಲೆ ದಂಡೆತ್ತಿ ಬಂದವನು, ಆಮೇಲೆ ಅದೇ ನವಾಬರ ಮನೆತನದೊಂದಿಗೆ ಬೀಗತನ ಮಾಡಿಕೊಂಡವನು. ಮಗ ಟಿಪ್ಪು ತೋಟವನ್ನು ಬೆಳೆಸಿದ. ಹೊರದೇಶಗಳಿಗೆ ಹೋದ ತನ್ನ ರಾಯಭಾರಿಗಳಿಗೆ ಬೀಜ, ಸಸಿ ತನ್ನಿ ಎಂದು ಹೇಳಿ ಕಳಿಸುತ್ತಿದ್ದ. ಆ ಕಾಲದವು ಎಂದು ತೋರಿಸುವ ಮಾವಿನ ಮರಗಳು ಇವತ್ತಿಗೂ ಅಲ್ಲಿವೆ.

ಆದರೆ ಹೈದರಾಲಿ ಗುದ್ದಲಿ ಹಿಡಿದನೆ? ಟಿಪ್ಪು ನೀರು ಹಾಕಿದನೆ? ನೆಲ ಅಗೆದವರು, ಕಸಿ ಕಟ್ಟಿದವರು ತಿಗಳ ಜನ. ಬೆಂಗಳೂರು ಕರಗ ಹೊರುತ್ತಾರಲ್ಲ, ಅವರೇ. ಹೂವು, ಸೊಪ್ಪು, ತರಕಾರಿ ಬೆಳೆಯುವುದರಲ್ಲಿ ಅವರ ಕೈಗೆ ಸಮ ಇಲ್ಲ ಎಂದು ಹಳೆಯ ಬೆಂಗಳೂರು ಇವತ್ತಿಗೂ ಹೇಳುತ್ತದೆ. ಅರಸರ ಹೆಸರು ಕಲ್ಲಿನಲ್ಲಿ ಕೂತಿತು. ತಿಗಳರ ಹೆಸರು ಮಣ್ಣಿನಲ್ಲಿ ಉಳಿಯಿತು.

1799ರಲ್ಲಿ ಟಿಪ್ಪು ಸತ್ತ ಮೇಲೆ ತೋಟ ಇಂಗ್ಲಿಷರ ಕೈಗೆ ಹೋಯಿತು. ಕೆಲಕಾಲ ಗಿಲ್ಬರ್ಟ್ ವಾ ಎಂಬ ಸೇನಾಧಿಕಾರಿಯ ವಶದಲ್ಲಿತ್ತು. 1819ರಲ್ಲಿ ಆತ ಅದನ್ನು ಕಂಪನಿ ಸರ್ಕಾರಕ್ಕೆ ಒಪ್ಪಿಸಿದ. ಕೊನೆಗೆ 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನ ಎನಿಸಿಕೊಂಡಿತು. ಅಲ್ಲಿಂದ ಅದರ ಜಾತಕವೇ ಬದಲಾಯಿತು. ರಾಜನ ವಿಹಾರಕ್ಕೆ ಇದ್ದದ್ದು ಗಿಡ ತಂದು, ಪರೀಕ್ಷಿಸಿ, ನಾಡಿಗೆ ಹಂಚುವ ಜಾಗವಾಯಿತು.

1874ರಲ್ಲಿ ಬಂದ ಜಾನ್ ಕ್ಯಾಮರಾನ್ 1908ರವರೆಗೆ ಅಲ್ಲೇ ಇದ್ದ. ಅವನು ಬಂದಾಗ ತೋಟ 45 ಎಕರೆ. 1891ರಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆಯ ಸುತ್ತ 13 ಎಕರೆ ಸೇರಿತು, 1894ರಲ್ಲಿ ಅದರ ಪೂರ್ವಕ್ಕೆ ಇನ್ನೂ 94 ಎಕರೆ. ಇವತ್ತು ಒಟ್ಟು 240 ಎಕರೆ. ನೀವು ಫೋಟೋ ಹೊಡೆಸಿಕೊಳ್ಳುವ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಕಬ್ಬಿಣವೂ ಪರದೇಶದ್ದು, ಹೆಸರೂ ಪರದೇಶದ್ದು. ಆದರೆ 1935ರಲ್ಲಿ ಅದರ ಪೂರ್ವದ ಭಾಗವನ್ನು ಬೆಳೆಸಿದಾಗ ಹಾಕಿದ್ದು ನಮ್ಮ ಭದ್ರಾವತಿಯ ಕಬ್ಬಿಣ. ಮುಂದಿನ ಸಲ ಹೋದಾಗ ಒಂದು ಕ್ಷಣ ಆ ಕಂಬದ ಮೇಲೆ ಕೈ ಇಡಿ.

ಕ್ಯಾಮರಾನ್ ನಂತರ ಬಂದವನು ಜರ್ಮನಿಯ ಕ್ರುಂಬಿಗಲ್. ಇಂಥವರನ್ನು ಬೈಯುವುದು ಸುಲಭ. ಪರದೇಶಿ, ಪರಭಾಷೆ ಎಂದು ನಮ್ಮಲ್ಲೇ ಕೆಲವರು ಬಾಯಿ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ವರ್ಷದ ಯಾವ ತಿಂಗಳಲ್ಲೂ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕು, ಒಂದು ಬೀದಿಯದು ಉದುರುವಾಗ ಇನ್ನೊಂದು ಬೀದಿಯದು ಅರಳಬೇಕು ಎಂದು ಲೆಕ್ಕ ಹಾಕಿ ನೆಡಿಸಿದ ಪುಣ್ಯಾತ್ಮ ಅವನು. 1908ರಲ್ಲಿ ಬಂದವನು ತನ್ನ ದೇಶಕ್ಕೆ ವಾಪಸು ಹೋಗಿ ನೆಲೆಸಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದ. ಈ ಊರಿನಲ್ಲಿ ಸೈಟು ಮಾಡಿ, ಕಾಂಪೌಂಡಿನೊಳಗಿನ ಮರ ಕಡಿಸಿ, ಕನ್ನಡದ ಒಂದು ಮಾತೂ ಕಲಿಯದೆ ಕೂತವರಿಗಿಂತ ಆತ ನಮ್ಮವನಲ್ಲವೆ?

1932ರಲ್ಲಿ ಆ ಕುರ್ಚಿಗೆ ಮೊದಲ ಬಾರಿಗೆ ನಮ್ಮವರೊಬ್ಬರು ಬಂದರು, ಎಚ್.ಸಿ. ಜವರಾಯ. ಅವರ ನಂತರದ ಸಾಲಿನಲ್ಲಿ ಎಂ.ಎಚ್. ಮರಿಗೌಡ, ತಿರುಮಕೂಡಲು ನರಸೀಪುರದ ಸೀಮೆಯ ಹಳ್ಳಿಯವರು. 1963ರಲ್ಲಿ ತೋಟಗಾರಿಕೆಗೇ ಬೇರೆ ಇಲಾಖೆ ಆದಾಗ ಅದರ ಮೊದಲ ನಿರ್ದೇಶಕರು ಅವರೇ. ಲಾಲ್‌ಬಾಗಿನ ಬಾಗಿಲನ್ನು ಜಿಲ್ಲೆಗಳ ಕಡೆಗೆ ತೆರೆದವರು ಅವರು. ತೋಟಗಾರಿಕೆ ಕ್ಷೇತ್ರ, ಸಸ್ಯಕ್ಷೇತ್ರ ಎಂದು ಊರೂರಿಗೆ ಒಯ್ದರು. ನಮ್ಮ ಅಪ್ಪ ಹೊಲದ ಬದುವಿಗೆ ಸರ್ಕಾರದ ಮಾವಿನ ಸಸಿ ತಂದು ಹಚ್ಚಿದ್ದು ನನಗೆ ನೆನಪಿದೆ. ಆ ಸಸಿಯ ಹಿಂದೆ ಮರಿಗೌಡರಿದ್ದರೆಂದು ನಮ್ಮಪ್ಪನಿಗೆ ಗೊತ್ತಿರಲಿಲ್ಲ. ಮರಿಗೌಡರು 1992ರಲ್ಲಿ ತೀರಿಕೊಂಡರು. ಇವತ್ತು ನಮ್ಮ ಹಾವೇರಿಯ ಪಕ್ಕದ ದೇವಿಹೊಸೂರಿನಲ್ಲೇ ತೋಟಗಾರಿಕೆಯ ಕಾಲೇಜಿದೆ. ನಮ್ಮ ಮಕ್ಕಳು ಅಲ್ಲಿ ಓದುತ್ತಾರೆ. ಅಂದಮೇಲೆ ಲಾಲ್‌ಬಾಗ್ ಬೆಂಗಳೂರಿನವರ ಸ್ವತ್ತು ಎಂದು ದೂರ ನಿಲ್ಲಬೇಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ಒಂದು ತೋಟ ಜನರದಾಗುವುದು ಗೇಟು ತೆಗೆದರೆ ಮಾತ್ರ ಅಲ್ಲ. ಅದರೊಳಗಿನದಕ್ಕೆ ಜನ ತಮ್ಮ ಬಾಯಿಂದ ಹೆಸರು ಇಡಬೇಕು. ಸೀಮೆ ಬದನೆಕಾಯಿ ನೋಡಿ. ಕ್ಯಾಮರಾನ್ ಕಾಲದಲ್ಲಿ ಲಾಲ್‌ಬಾಗಿಗೆ ಬಂದ ಗಿಡ ಎನ್ನುತ್ತಾರೆ. ಹುಟ್ಟಿದ್ದು ಅಮೆರಿಕದ ಕಡೆ. ನಮ್ಮ ಹೆಂಗಸರು ಅದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದರು. ಬದನೆಯಂತಿದೆ, ಪರಸೀಮೆಯದು, ಅಂದಮೇಲೆ ಸೀಮೆ ಬದನೆ. ಸಾರಿಗೆ ಬಿತ್ತು, ಕನ್ನಡವಾಯಿತು. ತಮಿಳರು ಅದನ್ನೇ ಬೆಂಗಳೂರು ಬದನೆ ಎನ್ನುತ್ತಾರೆ. ಯಾವ ಸಮಿತಿ ಕೂತು ಈ ಹೆಸರಿಟ್ಟಿತು? ಯಾವ ವಿಶ್ವವಿದ್ಯಾಲಯ?

ಅಷ್ಟು ದೂರ ಯಾಕೆ, ಬ್ಯಾಡಗಿಗೆ ಬನ್ನಿ. ಮೆಣಸಿನಕಾಯಿಯೂ ಅಮೆರಿಕದ್ದೇ. ಪೋರ್ಚುಗೀಸರು ತಂದದ್ದು. ನಮ್ಮಲ್ಲಿ ಮೊದಲಿದ್ದದ್ದು ಕಾಳುಮೆಣಸು. ಅದರ ಹಾಗೆ ಖಾರ, ಆದರೆ ಕಾಯಿ. ಅದಕ್ಕೇ ಮೆಣಸಿನಕಾಯಿ. ನಾನು ಬ್ಯಾಡಗಿಯ ವರ್ತಕರಿಗೆ ಬಿಲ್ ಬುಕ್ಕು ಮುದ್ರಿಸುತ್ತೇನೆ. ಅದರಲ್ಲಿ 'ಡಬ್ಬಿ', 'ಕಡ್ಡಿ' ಎಂದು ಬೇರೆ ಬೇರೆ ಕಾಲಂ ಇರುತ್ತದೆ. ಡಬ್ಬಿ ಗಿಡ್ಡ, ಗುಂಡು. ಕಡ್ಡಿ ಉದ್ದ, ಸುಕ್ಕು. ಒಂದು ಸಲ ನನ್ನ ಹುಡುಗ ಎರಡೂ ಸೇರಿಸಿ 'ಮೆಣಸಿನಕಾಯಿ' ಎಂದಷ್ಟೇ ಹಾಕಿದ. ಸಾಹುಕಾರರು ಬುಕ್ಕು ವಾಪಸು ಕಳಿಸಿದರು. 'ಏನ್ರಿ, ಎರಡಕ್ಕೂ ಒಂದ ದರ ಮಾಡೀರೇನ?' ಎಂದರು. ನೂರು ಬುಕ್ಕಿನ ಕಾಗದ ನನ್ನ ಮೈಮೇಲೆ ಬಂತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಬೇರೆಯವರು ಆ ಹೆಸರಿಗೆ ಕೈ ಹಾಕದ ಹಾಗೆ ಕಾನೂನಿನ ಬೇಲಿ. ಹೆಸರಿಗೆ ಬೆಲೆ ಇದೆ ಎಂದು ವ್ಯಾಪಾರಸ್ಥನಿಗೆ ಗೊತ್ತು. ನಮಗೇ ಗೊತ್ತಿಲ್ಲ.

ಸವಣೂರಿನ ದೊಡ್ಡಹುಣಸೆ ಮರ ನೋಡಿದ್ದೀರಲ್ಲ? ಆನೆಯ ಮೈಯಂಥ ಬೊಡ್ಡೆ, ನಾಲ್ಕಾರು ಜನ ಕೈ ಹಿಡಿದರೂ ತಬ್ಬಲಾಗದು. ಅದು ಹುಣಸೆಯ ಜಾತಿಯೇ ಅಲ್ಲ. ಆಫ್ರಿಕಾದ ಮರ. ಯಾವ ಕಾಲದಲ್ಲೋ ಯಾರೋ ತಂದರು. ಹಣ್ಣಿನ ತಿರುಳು ಹುಳಿ, ಮರ ದೊಡ್ಡದು, ಹೀಗಾಗಿ ದೊಡ್ಡಹುಣಸೆ. ಆ ಹೆಸರಿನಿಂದ ಮಠಕ್ಕೇ ದೊಡ್ಡಹುಣಸೆ ಕಲ್ಮಠ ಎಂಬ ಹೆಸರು ಬಂತು. ಮೂರು ಮರ. 2023ರ ಮಳೆಗಾಲದಲ್ಲಿ ಒಂದು ಉರುಳಿ ಬಿತ್ತು. ಬೇರೆ ಮರವಾಗಿದ್ದರೆ ಸಂಜೆಯೊಳಗೆ ಕೊಡಲಿ ಹಿಡಿದು ಬರುತ್ತಿದ್ದರು. ಇದಕ್ಕೆ ಕ್ರೇನು ಬಂತು. ಎತ್ತಿ, ಮತ್ತೆ ನೆಟ್ಟು ನಿಲ್ಲಿಸಿದರು. ಯಾಕೆ? ಅದು 'ಒಂದು ಮರ' ಆಗಿರಲಿಲ್ಲ, ದೊಡ್ಡಹುಣಸೆ ಆಗಿತ್ತು.

ಇನ್ನು ನನ್ನ ತಪ್ಪಿನ ಕಥೆ.

ನನ್ನ ಪ್ರೆಸ್ಸಿನ ಮುಂದೆ ಒಂದು ಮರವಿತ್ತು. ನೆಟ್ಟಗೆ, ಎತ್ತರ. ಮಳೆಗಾಲ ಮುಗಿಯುತ್ತಲೇ ರಾತ್ರಿಯಿಡೀ ಬಿಳಿ ಹೂ ಸುರಿಸುತ್ತಿತ್ತು. ಉದ್ದ ದೇಟು, ಕೊನೆಯಲ್ಲಿ ಎಸಳು. ಬೆಳಿಗ್ಗೆ ಷಟರ್ ಎತ್ತಿದರೆ ಕಟ್ಟೆ ತುಂಬ ಹೂ, ಶಾಯಿ ವಾಸನೆಯ ಅಂಗಡಿ ತುಂಬ ಅದರ ಘಮ. ನಮ್ಮ ಹುಡುಗಿಯರು ಆ ದೇಟುಗಳನ್ನೇ ಹೆಣೆದು ದಾರವಿಲ್ಲದೆ ಮಾಲೆ ಮಾಡುತ್ತಿದ್ದರು. ಹತ್ತು ವರ್ಷ ನಾನು ಆ ಹೂ ಗುಡಿಸಿದೆ. ಒಂದು ದಿನವೂ ಹೆಸರು ಕೇಳಲಿಲ್ಲ.

ರಸ್ತೆ ಅಗಲ ಮಾಡುವವರು ಬಂದರು. ಬೀದಿಯವರೆಲ್ಲ ಸೇರಿ ಒಂದು ಮನವಿ ಕೊಡೋಣ, ನೀವೇ ಬರೆದು ಮುದ್ರಿಸಿ ಎಂದು ನನಗೆ ಒಪ್ಪಿಸಿದರು. ಬರೆಯಲು ಕೂತೆ. 'ನಮ್ಮ ಬೀದಿಯಲ್ಲಿರುವ ಹಳೆಯ...' ಮುಂದೆ ಏನು ಬರೆಯಲಿ? ಪಕ್ಕದ ಕಿರಾಣಿಯವರನ್ನು ಕೇಳಿದೆ, ಗೊತ್ತಿಲ್ಲ. ಸೈಕಲ್ ಅಂಗಡಿಯವರನ್ನು ಕೇಳಿದೆ, ಗೊತ್ತಿಲ್ಲ. ಕೊನೆಗೆ 'ಒಂದು ಮರ' ಎಂದು ಬರೆದೆ. ಆ ಅರ್ಜಿ ಹಿಡಿದು ಹೋದಾಗ ಮೇಜಿನ ಹಿಂದಿನ ಮನುಷ್ಯ ಓದಿ, 'ಯಾವ ಮರ?' ಎಂದ. ನನ್ನ ಬಳಿ ಉತ್ತರವಿಲ್ಲ. ಆತ ನಗಲಿಲ್ಲ, ಬೈಯಲಿಲ್ಲ. ಕಾಗದವನ್ನು ಇನ್ನೊಂದು ಕಾಗದದ ಕೆಳಗೆ ಇಟ್ಟ, ಅಷ್ಟೆ. ಮೂರನೆಯ ದಿನ ಮರ ಇರಲಿಲ್ಲ. ಅಕ್ಷರ ನಂಬಿ ಬದುಕುವ ನಾನು ಆರು ಅಕ್ಷರದ ಹೆಸರಿಗೆ ಗತಿಯಿಲ್ಲದೆ ನಿಂತಿದ್ದೆ.

ಮರುವರ್ಷ ಕಾಗದ ಖರೀದಿಗೆ ಬೆಂಗಳೂರಿಗೆ ಹೋದವನು ಹಳೆಯ ಚಾಳಿಯಂತೆ ಲಾಲ್‌ಬಾಗಿಗೆ ನಡೆದೆ. ಅಲ್ಲಿ ದಾರಿಯ ಪಕ್ಕ ಅದೇ ಮರ, ಅದೇ ಹೂ. ಬೊಡ್ಡೆಗೆ ಒಂದು ಹಲಗೆ. ಓಡಿ ಹೋಗಿ ಓದಿದೆ. ಲ್ಯಾಟಿನ್ ಹೆಸರು ಮಾತ್ರ, ಇಂಗ್ಲಿಷ್ ಲಿಪಿಯಲ್ಲಿ. ಮಿಲಿಂಗ್ಟೋನಿಯ. ಕಸ ಗುಡಿಸುತ್ತಿದ್ದ ತೋಟದ ಹೆಣ್ಣುಮಗಳನ್ನು ಕೇಳಿದೆ. 'ಅಕ್ಕಾ, ಇದು ಯಾವ ಮರ?' ಆಕೆ ಪೊರಕೆ ನಿಲ್ಲಿಸದೆ ಹೇಳಿದಳು: 'ಆಕಾಶಮಲ್ಲಿಗೆ ಕಣಣ್ಣ.'

ಆಕಾಶಮಲ್ಲಿಗೆ! ಇಷ್ಟು ಚಂದದ ಹೆಸರು ನಮ್ಮ ಭಾಷೆಯಲ್ಲಿ ಇತ್ತು. ಆ ಅರ್ಜಿಯಲ್ಲಿ 'ಆಕಾಶಮಲ್ಲಿಗೆ' ಎಂದು ಬರೆದಿದ್ದರೆ ಮರ ಉಳಿಯುತ್ತಿತ್ತೆ? ಹೇಳಲಾರೆ. ಆದರೆ ಆ ಕಾಗದವನ್ನು ಇನ್ನೊಂದರ ಕೆಳಗೆ ಇಡುವುದು ಅಷ್ಟು ಸಲೀಸಾಗುತ್ತಿರಲಿಲ್ಲ.

ಲಾಲ್‌ಬಾಗಿಗೂ ಇಂಥ ದಿನಗಳು ಬಂದಿವೆ. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗಿನ ರಕ್ಷಣೆಗೆಂದು 1975ರ ಉದ್ಯಾನ ಕಾಯ್ದೆ ಇದೆ. ಹಾಗಿದ್ದೂ 2009ರಲ್ಲಿ ಮೆಟ್ರೊಗಾಗಿ ಅಂಚಿನ ಗೋಡೆ ಕೆಡವಿದರು, ಜಾಗ ಹೋಯಿತು. ಅಂದು ಬೀದಿಗೆ ಇಳಿದವರು ಬೆಳಗಿನ ನಡಿಗೆಯವರು, ವಿದ್ಯಾರ್ಥಿಗಳು. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಎಂಬ ಮಾತು ಎದ್ದಾಗ ಮತ್ತೆ ಲಾಲ್‌ಬಾಗಿನ ನೆಲದ ಮೇಲೆ ಕಣ್ಣು ಬಿತ್ತು. ಆಗ ಜನ ಬರೀ 'ಪಾರ್ಕು ಉಳಿಸಿ' ಎನ್ನಲಿಲ್ಲ. ಆ ಬಂಡೆ ಸುಮಾರು 300 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಬಂಡೆಯ ವಯಸ್ಸನ್ನೇ ಮುಂದಿಟ್ಟರು. ಲಾಲ್‌ಬಾಗಿಗೆ ಧಕ್ಕೆ ಮಾಡುವುದಿಲ್ಲ ಎಂದು ಸರ್ಕಾರ ಬಾಯಿಬಿಟ್ಟು ಹೇಳಬೇಕಾಯಿತು. ಏನಿದೆ ಎಂದು ಗೊತ್ತಿದ್ದವನು ಮಾತ್ರ ಏನು ಹೋಗುತ್ತದೆ ಎಂದು ಹೇಳಬಲ್ಲ.

ನಮ್ಮಲ್ಲಿ ಕೆಲವು ಬಿಸಿರಕ್ತದ ಗೆಳೆಯರು ಲಾಲ್‌ಬಾಗ್ ಎಂಬ ಹೆಸರನ್ನೇ ಬದಲಿಸಬೇಕು ಎನ್ನುತ್ತಾರೆ. ಲಾಲ್ ಎಂದರೆ ಕೆಂಪು, ಬಾಗ್ ಎಂದರೆ ತೋಟ, 'ಕೆಂಪುತೋಟ' ಮಾಡಿ ಎನ್ನುತ್ತಾರೆ. ಬೇಡ ಕಣ್ರಪ್ಪ. 'ಲಾಲ್‌ಬಾಗು' ನಮ್ಮ ಅಜ್ಜಿಯರ ಬಾಯಲ್ಲಿ ಪಳಗಿ ಕನ್ನಡವಾಗಿ ಎಷ್ಟೋ ಕಾಲವಾಯಿತು. ಗೇಟಿನ ಮೇಲಿನ ಹೆಸರಿಗೆ ಜಗಳ ಬೇಡ. ಒಳಗಿನ ಹಲಗೆಗಳಿಗೆ ಜಗಳ ಆಡೋಣ. ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಅದಕ್ಕೆ ಬೀದಿಗಿಳಿದವರು ನಾವೇ. ಮರದ ಬೋರ್ಡಿಗೆ? ಅಂಗಡಿ ಇವತ್ತು ಇರುತ್ತದೆ, ನಾಳೆ ಬೇರೆ ಊರಿಗೆ ಹೋಗುತ್ತದೆ. ಮರ ಎಲ್ಲಿಗೆ ಹೋಗುತ್ತದೆ?

ಜನವರಿ 26ಕ್ಕೂ ಆಗಸ್ಟ್ 15ಕ್ಕೂ ಫಲಪುಷ್ಪ ಪ್ರದರ್ಶನಕ್ಕೆ ನೀವು ಹೋಗೇ ಹೋಗುತ್ತೀರಿ. 2022ರಲ್ಲಿ ರಾಜ್‌ಕುಮಾರ್, ಪುನೀತ್ ಅವರನ್ನು ಹೂವಿನಲ್ಲಿ ಮಾಡಿದ್ದಾಗ ನಮ್ಮೂರಿನಿಂದಲೇ ಎಷ್ಟು ಜನ ಹೋಗಿದ್ದಿರಿ! 2024ರ ಜನವರಿಯಲ್ಲಿ ಬಸವಣ್ಣನವರು, ವಚನ ಸಾಹಿತ್ಯ. ಹೋಗಿ, ಸಂತೋಷ. ಆದರೆ ಹೂವಿನ ಗೊಂಬೆ ಹತ್ತು ದಿನಕ್ಕೆ ಬಾಡುತ್ತದೆ. ಬರುವಾಗ ಗಾಜಿನ ಮನೆಯಿಂದ ನೇರ ಗೇಟಿಗೆ ಓಡಬೇಡಿ. ಒಂದು ಮರದ ಹತ್ತಿರ ನಿಂತು ಹಲಗೆ ಓದಿ. ಕನ್ನಡ ಇಲ್ಲದಿದ್ದರೆ ಗುಡಿಸುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಬರೆದುಕೊಂಡು ತೋಟಗಾರಿಕೆ ಇಲಾಖೆಗೆ ಒಂದು ಅರ್ಜಿ ಕೊಡಿ. ಒಬ್ಬರ ಅರ್ಜಿ ಕಾಗದದ ಕೆಳಗೆ ಹೋಗುತ್ತದೆ ನಿಜ. ನೂರು ಅರ್ಜಿಯನ್ನು ಯಾವ ಕಾಗದದ ಕೆಳಗೆ ಇಡುತ್ತಾರೆ?

ಇಲ್ಲಿಯ ಕೆಲಸ ನಾನು ಆಗಲೇ ಶುರು ಮಾಡಿದ್ದೇನೆ. ತಗಡಿನ ಹಲಗೆ, ಹಸಿರು ಬಣ್ಣ, ಬಿಳಿ ಅಕ್ಷರ. ಮೇಲೆ ಕನ್ನಡದ ಹೆಸರು ದಪ್ಪಗೆ, ಕೆಳಗೆ ಲ್ಯಾಟಿನ್ ಹೆಸರು ಸಣ್ಣಗೆ, ಅದೂ ಬೇಕು. ಮೊಳೆ ಹೊಡೆಯಬೇಡಿ, ದಾರದಲ್ಲಿ ಕಟ್ಟಿ. ತಗಡಿನ ಖರ್ಚು ಮಾತ್ರ ಕೊಡಿ, ಮುದ್ರಣ ನನ್ನದು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ನಿಮ್ಮ ಬೀದಿಯ ಮರಗಳ ಪಟ್ಟಿ ತನ್ನಿ. ನಿಮ್ಮ ಅಜ್ಜಿ ಏನು ಕರೆಯುತ್ತಾಳೋ ಅದನ್ನೇ ಬರೆಯಿರಿ. ದಕ್ಷಿಣದವರು ಹೊಂಗೆ ಅಂದರೆ ನಾವು ಹುಲಗಲ ಅಂತೀವಿ, ಎರಡೂ ಹಾಕೋಣ.

ಇವತ್ತು ಹನ್ನೊಂದು ಹಲಗೆ ತಂದಿದ್ದೇನೆ, ವೇದಿಕೆಯ ಪಕ್ಕದ ಚೀಲದಲ್ಲಿವೆ. ಹನ್ನೆರಡನೆಯದು ಖಾಲಿ. ಈ ಮೈದಾನದ ಗೇಟಿನ ಎಡಕ್ಕೆ ಒಂದು ಮರ ಇದೆಯಲ್ಲ, ಚಪ್ಪಟೆ ಕಾಯಿ ಬಿಟ್ಟಿದೆ, ಅದಕ್ಕೆಂದು ಇಟ್ಟದ್ದು. ಸಂಜೆಯಿಂದ ಆರು ಜನರನ್ನು ಕೇಳಿದೆ. ಗೊತ್ತಿದ್ದವರು ಹೋಗುವ ಮೊದಲು ನನಗೆ ಹೇಳಿ ಹೋಗಿ.